ಬೀಗ ತೆಗೆದ ಬಂದೂಕು, ಪಳಗಿದ ಕೈ

ಪ್ರಶ್ನೆ: ನಾವು ಡಬ್ಲಿನ್‌ನಲ್ಲಿದ್ದೇವೆ. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಗೆಳೆಯರ ಜೊತೆ ಕೌಂಟರ್-ಸ್ಟ್ರೈಕ್ ಆಡಿದ ತಲೆಮಾರಿನವನು ನಾನು. ಈ ವರ್ಷ ಕಾಲೇಜು ಸೇರಿದ ಮಗ ಕಾಲ್ ಆಫ್ ಡ್ಯೂಟಿ ಆಡುತ್ತಾನೆ. ಮ್ಯಾಚ್ ಸೋತರೂ ಅವನಿಗೆ ಚಿಂತೆಯಿಲ್ಲ, ಬಂದೂಕಿಗೆ ಹೊಸದೊಂದು ಬಣ್ಣ ಅನ್‌ಲಾಕ್ ಆದರೆ ಸಾಕು. "ಏನೂ ಅನ್‌ಲಾಕ್ ಆಗಲ್ಲ ಅಂದ್ರೆ ಯಾಕಪ್ಪಾ ಆಡ್ಬೇಕು?" ಅಂತ ನನ್ನನ್ನೇ ಕೇಳುತ್ತಾನೆ. ಈ ಬಹುಮಾನಗಳು ಆಟದ ಖುಷಿಯನ್ನು ಹೆಚ್ಚಿಸುತ್ತವೆಯೋ, ತಿಂದುಹಾಕುತ್ತವೆಯೋ? ಚೆನ್ನಾಗಿ ಆಡುವ ಕಲೆಗೂ ಇವಕ್ಕೂ ಏನಾದರೂ ಸಂಬಂಧವಿದೆಯೇ?
— ಓದುಗರೊಬ್ಬರು, ಡಬ್ಲಿನ್

ಉತ್ತರ: ಸಂಬಂಧವಿದೆ. ಕಲಿಯುವವನ ಕೈಹಿಡಿದು ನಡೆಸುವ ತನಕ ಬಹುಮಾನ ಖುಷಿಯನ್ನು ಹೆಚ್ಚಿಸುತ್ತದೆ. ಆಡುವುದೇ ಬಹುಮಾನಕ್ಕಾಗಿ ಎಂದಾದ ದಿನದಿಂದ ಅದು ಖುಷಿಯನ್ನು ತಿನ್ನತೊಡಗುತ್ತದೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂದು ಹುಡುಕಲು ನೀವು ದೂರ ಹೋಗಬೇಕಾಗಿಲ್ಲ. ನೀವಿರುವ ಐರ್ಲೆಂಡ್ ದೇಶವೇ ಈ ಪ್ರಶ್ನೆಗೆ ಎರಡು ವಿರುದ್ಧ ಉತ್ತರಗಳನ್ನು ಜಗತ್ತಿಗೆ ಕೊಟ್ಟಿದೆ.

ಮೊದಲನೆಯ ಉತ್ತರ ಬ್ರೆಂಡನ್ ಗ್ರೀನ್ ಅವರದು. ಕಿಲ್ಡೇರ್ ಕೌಂಟಿಯ ಕರ‍್ರಾ ಸೇನಾ ಶಿಬಿರದಲ್ಲಿ ಬೆಳೆದ ಈ ಐರಿಷ್ ವಿನ್ಯಾಸಕಾರ ಆಟಗಾರರ ಲೋಕದಲ್ಲಿ 'ಪ್ಲೇಯರ್‌ಅನ್‌ನೋನ್' ಎಂಬ ಹೆಸರಿನಿಂದ ಪರಿಚಿತರು. ಅರ್ಮಾ 2 ಎಂಬ ಸೇನಾ ಆಟಕ್ಕೆ ಅವರು 2013ರಲ್ಲಿ ಮಾಡಿದ ಬದಲಾವಣೆಯೇ ಬೆಳೆದು 2017ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಕಂಪನಿಯೊಂದರ ಮೂಲಕ ಪಬ್‌ಜಿಯಾಗಿ ಹೊರಬಂತು. ನಮ್ಮೂರಿನ ಮಕ್ಕಳೂ ಹಗಲುರಾತ್ರಿ ಆಡಿದ ಆಟ ಅದು. 2018ರ ಜನವರಿಯಲ್ಲಿ ಸ್ಟೀಮ್ ವೇದಿಕೆಯೊಂದರಲ್ಲೇ ಒಂದೇ ಹೊತ್ತಿಗೆ 32 ಲಕ್ಷಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು. ಭಾರತ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲಿ ಅದರ ಮೊಬೈಲ್ ಆವೃತ್ತಿಯನ್ನು ನಿಷೇಧಿಸಿತು, ಮರುವರ್ಷ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು.

ಆ ಆಟದ ನಿಯಮವನ್ನು ನೆನಪು ಮಾಡಿಕೊಳ್ಳಿ. ನೂರು ಮಂದಿ ಬರಿಗೈಯಲ್ಲಿ ವಿಮಾನದಿಂದ ಜಿಗಿಯುತ್ತಾರೆ. ಬಂದೂಕು, ಕವಚ, ಔಷಧಿ ಎಲ್ಲವನ್ನೂ ನೆಲದ ಮೇಲೆ ಹುಡುಕಿಕೊಳ್ಳಬೇಕು. ಸಾವಿರ ಮ್ಯಾಚ್ ಆಡಿದವನಿಗೂ ಮೊದಲ ಮ್ಯಾಚ್ ಆಡುವವನಿಗೂ ಆರಂಭದಲ್ಲಿ ಸಿಗುವುದು ಒಂದೇ, ಎಂದರೆ ಏನೂ ಇಲ್ಲ. ಒಂದು ಮ್ಯಾಚ್‌ನ ಗಳಿಕೆ ಇನ್ನೊಂದಕ್ಕೆ ಬರುವುದಿಲ್ಲ. ಬರುವುದು ಅನುಭವ ಮಾತ್ರ: ಎಲ್ಲಿ ಇಳಿಯಬೇಕು, ಸುರಕ್ಷಿತ ವಲಯದ ವೃತ್ತ ಕುಗ್ಗುವಾಗ ಯಾವ ದಿಕ್ಕಿಗೆ ಸರಿಯಬೇಕು, ದೂರದ ಹೆಜ್ಜೆ ಸದ್ದು ಯಾವ ಗೋಡೆಯ ಆಚೆಯದು ಎಂಬ ತಿಳಿವಳಿಕೆ. ಬಟ್ಟೆ, ಬಣ್ಣಗಳ ಪೆಟ್ಟಿಗೆಗಳು ಈ ಆಟಕ್ಕೂ ಬಂದವು. ಆದರೆ ಬರಿಗೈಯಲ್ಲಿ ಇಳಿಯುವ ನಿಯಮ ಅದರ ತಿರುಳಾಗಿಯೇ ಉಳಿಯಿತು.

ಎರಡನೆಯ ಉತ್ತರ ನಿಮ್ಮ ಡಬ್ಲಿನ್ನಿನದೇ. 2003ರಲ್ಲಿ ಡಿಲನ್ ಕಾಲಿನ್ಸ್ ಮತ್ತು ಶಾನ್ ಬ್ಲಾಂಚ್‌ಫೀಲ್ಡ್ ಅಲ್ಲಿ ಡೀಮನ್‌ವೇರ್ ಎಂಬ ಕಂಪನಿ ಕಟ್ಟಿದರು. 2007ರಲ್ಲಿ ಕಾಲ್ ಆಫ್ ಡ್ಯೂಟಿಯ ಪ್ರಕಾಶಕರಾದ ಆಕ್ಟಿವಿಷನ್ ಅದನ್ನು ಕೊಂಡುಕೊಂಡಿತು. ಎದುರಾಳಿಗಳನ್ನು ಹುಡುಕಿಕೊಡುವುದು, ಅಂಕಪಟ್ಟಿ ಇಡುವುದು, ಪ್ರತಿಯೊಬ್ಬ ಆಟಗಾರನ ದಾಖಲೆಯನ್ನು ಜೋಪಾನ ಮಾಡುವುದು, ಹೀಗೆ ಕಾಲ್ ಆಫ್ ಡ್ಯೂಟಿಯ ಆನ್‌ಲೈನ್ ಸೇವೆಗಳ ಹಿಂದೆ ದುಡಿಯುವುದು ಈ ಕಂಪನಿ. ಲಕ್ಷಾಂತರ ಮಂದಿ ಒಮ್ಮೆಗೇ ಬಂದು ಬೀಳುವ ಹೊರೆಯನ್ನು ತಾಳಿಕೊಳ್ಳಲು ಅವರು ನೆಚ್ಚಿಕೊಂಡದ್ದು, ದೂರವಾಣಿ ವಿನಿಮಯ ಕೇಂದ್ರಗಳಿಗಾಗಿ ಸ್ವೀಡನ್ನಿನ ಎರಿಕ್ಸನ್ ಕಂಪನಿ ರೂಪಿಸಿದ್ದ ಅರ್ಲಾಂಗ್ ಭಾಷೆಯನ್ನು. ಗ್ರೀನ್ ಅವರ ಆಟ ಮ್ಯಾಚ್ ಮುಗಿದೊಡನೆ ಎಲ್ಲವನ್ನೂ ಅಳಿಸಿಹಾಕುತ್ತದೆ, ನಿಮ್ಮ ಮಗನ ಆಟ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ.

ಹಾಗಾದರೆ ಖುಷಿ ಹುಟ್ಟುವುದೆಲ್ಲಿ? ನೀವು ಸೈಬರ್ ಕೆಫೆಯಲ್ಲಿ ಆಡಿದ ಕೌಂಟರ್-ಸ್ಟ್ರೈಕ್ ಇದಕ್ಕೆ ಒಳ್ಳೆಯ ಸಾಕ್ಷಿ. ಅದರಲ್ಲಿ 800 ಡಾಲರ್‌ನಿಂದ ಆಟ ಶುರು. ಸುತ್ತು ಗೆದ್ದರೆ ಹೆಚ್ಚು ಹಣ, ಸೋತರೆ ಕಡಿಮೆ. ಮ್ಯಾಚ್ ಮುಗಿದರೆ ಆ ಹಣವೂ ಇಲ್ಲ, ಅದರಿಂದ ಕೊಂಡ ಬಂದೂಕೂ ಇಲ್ಲ. ಆದರೂ ಜನ ವರ್ಷಗಟ್ಟಲೆ ಆಡಿದರು. ಎಕೆ-47ರ ಗುರಿ ಗುಂಡಿನಿಂದ ಗುಂಡಿಗೆ ಹೇಗೆ ಮೇಲಕ್ಕೇರಿ ಪಕ್ಕಕ್ಕೆ ವಾಲುತ್ತದೆ ಎಂಬುದನ್ನು ಬೆರಳುಗಳೇ ಕಲಿತವು. ನಿನ್ನೆ ಆಗದ್ದು ಇವತ್ತು ಆಯಿತು ಎಂಬ ಅರಿವು, ಅದನ್ನು ಪಕ್ಕದ ಕುರ್ಚಿಯ ಗೆಳೆಯ ಕಂಡನೆಂಬ ಹಿಗ್ಗು, ನಿಮಗಿದ್ದ ಬಹುಮಾನ ಇದೇ. ರಿಚರ್ಡ್ ರಯನ್, ಸ್ಕಾಟ್ ರಿಗ್ಬಿ ಮತ್ತು ಆಂಡ್ರೂ ಶಿಬಿಲ್ಸ್ಕಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ವಿಡಿಯೊ ಗೇಮ್ ನಮ್ಮನ್ನು ಹಿಡಿದಿಡುವುದು ಮೂರು ಹಸಿವುಗಳನ್ನು ತಣಿಸುವುದರಿಂದ: ನನ್ನಿಂದ ಆಗುತ್ತದೆ ಎಂಬ ಸಾಮರ್ಥ್ಯದ ಭಾವ, ನನ್ನ ಆಯ್ಕೆ ನನ್ನದು ಎಂಬ ಸ್ವಾತಂತ್ರ್ಯ, ಜೊತೆಗೆ ಜನರಿದ್ದಾರೆ ಎಂಬ ನಂಟು.

ಸಾಮರ್ಥ್ಯದ ಭಾವ ಮೂಡಬೇಕಾದರೆ ಎದುರಾಳಿ ಸರಿಸಮನಾಗಿರಬೇಕು. ಮೈಸೂರು ದಸರಾ ಕುಸ್ತಿಗೆ ಮುಂಚೆ ಪೈಲ್ವಾನರ ತೂಕ, ಅನುಭವ ನೋಡಿ ಜೋಡಿ ಕಟ್ಟುತ್ತಾರಲ್ಲ, ಆನ್‌ಲೈನ್ ಆಟದ ಮ್ಯಾಚ್‌ಮೇಕಿಂಗ್ ಮಾಡುವುದೂ ಅದೇ ಕೆಲಸವನ್ನು. ಅದರ ಗಣಿತದ ಬೇರು ಚದುರಂಗದಲ್ಲಿದೆ. ಹಂಗೇರಿ ಮೂಲದ ಆರ್ಪಾಡ್ ಎಲೊ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಜಾಗತಿಕ ಚದುರಂಗ ಒಕ್ಕೂಟ 1970ರಲ್ಲಿ ಒಪ್ಪಿಕೊಂಡಿತು. ಅದೇ ಚಿಂತನೆಯನ್ನು ತಂಡಗಳ ಆಟಕ್ಕೂ ಹೊಂದಿಸಿದ್ದು ಮೈಕ್ರೋಸಾಫ್ಟ್‌ನ ಕೇಂಬ್ರಿಡ್ಜ್ ಸಂಶೋಧಕರ ಟ್ರೂಸ್ಕಿಲ್. ಈ ಜೋಡಿ ಕಟ್ಟುವಿಕೆಯನ್ನು ಸಡಿಲಿಸಿದರೆ ಏನಾಗುತ್ತದೆ? ಆಕ್ಟಿವಿಷನ್ 2024ರ ಆರಂಭದಲ್ಲಿ ಪರೀಕ್ಷೆಗೆಂದು ಒಂದಷ್ಟು ಆಟಗಾರರಿಗೆ ಕೌಶಲದ ತೂಕವನ್ನು ತಗ್ಗಿಸಿ ಮ್ಯಾಚ್ ಕೂಡಿಸಿತು. ಕಂಪನಿಯೇ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಅತ್ಯಂತ ನುರಿತ ಶೇ 10ರಷ್ಟು ಮಂದಿಯನ್ನು ಬಿಟ್ಟರೆ ಉಳಿದ ಶೇ 90ರಷ್ಟು ಮಂದಿ ಆಟಕ್ಕೆ ಮರಳಿ ಬರುವುದು ಕಡಿಮೆಯಾಯಿತು. ಬಹುಮಾನಗಳೆಲ್ಲ ಇದ್ದಲ್ಲೇ ಇದ್ದವು, ಬದಲಾದದ್ದು ಎದುರಾಳಿ ಮಾತ್ರ. ಬಣ್ಣದ ಆಸೆಗಿಂತ ಸಮಬಲದ ಹೋರಾಟದ ಸೆಳೆತ ಎಷ್ಟು ದೊಡ್ಡದೆಂದು ಇದರಿಂದ ತಿಳಿಯುತ್ತದೆ.

ಈಗ ಅನ್‌ಲಾಕ್‌ಗೆ ಬರೋಣ. ರ‍್ಯಾಂಕ್ ಏರಿದಂತೆ ಆಯುಧ ತೆರೆದುಕೊಳ್ಳುವ ಪದ್ಧತಿ 2005ರ ಬ್ಯಾಟಲ್‌ಫೀಲ್ಡ್ 2ರಲ್ಲೇ ಇತ್ತು. ಅದನ್ನು ಮನೆಮಾತಾಗಿಸಿದ್ದು 2007ರ ನವೆಂಬರ್‌ನಲ್ಲಿ ಬಂದ ಕಾಲ್ ಆಫ್ ಡ್ಯೂಟಿ 4: ಮಾಡರ್ನ್ ವಾರ್‌ಫೇರ್. ಅದರಲ್ಲಿ 55 ಲೆವೆಲ್. ಮೆಟ್ಟಿಲೇರಿದಂತೆ ಬಂದೂಕೋ ವಿಶೇಷ ಗುಣವೋ ಕೈಸೇರುತ್ತಿತ್ತು. ಈ ಏರ್ಪಾಡಿನ ಒಳ್ಳೆಯ ಮುಖವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಹೊಸಬನ ಮುಂದೆ ಹತ್ತಾರು ಆಯುಧಗಳನ್ನು ಒಟ್ಟಿಗೆ ಸುರಿದರೆ ಅವನು ಕಂಗಾಲಾಗುತ್ತಾನೆ. ಒಂದೊಂದಾಗಿ ಕೊಟ್ಟರೆ ಒಂದೊಂದನ್ನೂ ಬಳಸಿ ನೋಡುತ್ತಾನೆ, ಅದರ ಸ್ವಭಾವ ಅರಿಯುತ್ತಾನೆ. ಇಡೀ ಸಂಜೆ ಸೋತವನಿಗೂ ಒಂದು ಹೆಜ್ಜೆ ಮುಂದೆ ಬಂದೆನೆಂಬ ಸಮಾಧಾನ ಸಿಗುತ್ತದೆ. ಆ ಸಮಾಧಾನ ಅವನನ್ನು ಮರುದಿನವೂ ಕರೆತಂದರೆ ಕೈ ಪಳಗುವುದಕ್ಕೆ ಬೇಕಾದ ಕಾಲಾವಕಾಶ ಒದಗುತ್ತದೆ.

ತೊಂದರೆಯೂ ಅಲ್ಲೇ ಇದೆ. ಬಹುಮಾನವೇ ಹೆಚ್ಚು ಬಲವಾದ ಬಂದೂಕಾದರೆ, ಹೆಚ್ಚು ಹೊತ್ತು ಆಡಿದವನಿಗೆ ಕೌಶಲದ ಜೊತೆಗೆ ಆಯುಧದ ಮೇಲುಗೈಯೂ ದಕ್ಕುತ್ತದೆ. ಹೊಸಬ ಸೋತದ್ದು ಕೈಚಳಕ ಸಾಲದೆಯೋ ಬಂದೂಕು ಸಾಲದೆಯೋ ಎಂಬುದು ಅವನಿಗೇ ತಿಳಿಯದೆ ಹೋಗುತ್ತದೆ. ತಪ್ಪು ತನ್ನಲ್ಲಿ ಎಲ್ಲಿದೆ ಎಂದು ಗೊತ್ತಾಗದ ಕಡೆ ಕಲಿಕೆ ನಿಲ್ಲುತ್ತದೆ. ಆದ್ದರಿಂದಲೇ ಬಣ್ಣ, ಬಟ್ಟೆ, ಬಿಲ್ಲೆಗಳಂಥ ಅಲಂಕಾರದ ಬಹುಮಾನ, ಬಲ ಕೊಡುವ ಬಹುಮಾನಕ್ಕಿಂತ ಎಷ್ಟೋ ಮೇಲು. ಅದು ಪಂದ್ಯದ ನ್ಯಾಯವನ್ನು ಮುಟ್ಟುವುದಿಲ್ಲ. ನಿಮ್ಮ ಮಗ ಬೆನ್ನುಹತ್ತಿರುವ ಬಂದೂಕಿನ ಬಣ್ಣ ಈ ಜಾತಿಯದು, ಅಷ್ಟರಮಟ್ಟಿಗೆ ನೆಮ್ಮದಿಯಿಂದಿರಿ.

ಅದೇ ಮಾಡರ್ನ್ ವಾರ್‌ಫೇರ್‌ನಲ್ಲಿ ಪ್ರೆಸ್ಟೀಜ್ ಎಂಬ ಏರ್ಪಾಡೂ ಇತ್ತು. 55ನೆಯ ಲೆವೆಲ್ ಮುಟ್ಟಿದವನು ಬಯಸಿದರೆ ಗಳಿಸಿದ ಆಯುಧಗಳನ್ನೆಲ್ಲ ಬಿಟ್ಟುಕೊಟ್ಟು ಒಂದನೆಯ ಲೆವೆಲ್‌ನಿಂದ ಮತ್ತೆ ಶುರು ಮಾಡಬಹುದು. ಬದಲಿಗೆ ಸಿಗುವುದು ಹೆಸರಿನ ಪಕ್ಕದಲ್ಲಿ ಒಂದು ಹೊಸ ಲಾಂಛನ ಮಾತ್ರ. ಕನ್ಸೋಲ್‌ನಲ್ಲಿ ಹೀಗೆ ಹತ್ತು ಸಲ ಮಾಡಬಹುದಿತ್ತು, ಮಾಡಿದವರು ಬಹಳ ಮಂದಿ. ಬಂದೂಕು ಬೇಕೆಂದು ಏರಿದ್ದರೆ ಅದನ್ನು ಯಾರೂ ಹಿಂದಿರುಗಿಸುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಏರುವ ದಾರಿ, ಏರಿದೆನೆಂದು ನಾಲ್ಕು ಜನಕ್ಕೆ ತೋರುವ ಗುರುತು.

ಆದರೆ ಗುರುತೇ ಗುರಿಯಾದರೆ? ವಾಲ್ವ್ ಕಂಪನಿಯ ಟೀಮ್ ಫೋರ್ಟ್ರೆಸ್ 2ರ ಕಥೆ ಇಲ್ಲಿ ಪಾಠವಾಗುತ್ತದೆ. 2008ರ ಏಪ್ರಿಲ್‌ನಲ್ಲಿ ಅದರ ವೈದ್ಯ ಪಾತ್ರಕ್ಕೆ ಹೊಸ ಉಪಕರಣಗಳು ಬಂದವು. ಕೆಲವು ಸಾಧನೆಗಳನ್ನು ಪೂರೈಸಿದವರಿಗಷ್ಟೇ ಅವು ಸಿಗುತ್ತಿದ್ದವು. ಆಟಗಾರರು ಎದುರಾಳಿಗಳೊಂದಿಗೆ ರಾಜಿ ಮಾಡಿಕೊಂಡು, ಅದಕ್ಕೆಂದೇ ತೆರೆದ ಸರ್ವರ್‌ಗಳಲ್ಲಿ ಸೇರಿ, ಒಬ್ಬರ ಸಾಧನೆಯನ್ನು ಇನ್ನೊಬ್ಬರು ತುಂಬಿಸಿಕೊಟ್ಟರು. 2009ರಲ್ಲಿ ಕಂಪನಿ ಕ್ರಮ ಬದಲಿಸಿ, ಆಡುತ್ತಿರುವವರಿಗೆ ಆಗಾಗ ಆಕಸ್ಮಿಕವಾಗಿ ವಸ್ತುಗಳು ಸಿಗುವಂತೆ ಮಾಡಿತು. ಆಗ ಜನ ಆಟವನ್ನು ತೆರೆದಿಟ್ಟು ಎದ್ದುಹೋಗತೊಡಗಿದರು, ಅದಕ್ಕಾಗಿ ಬೇರೆ ತಂತ್ರಾಂಶವನ್ನೇ ಬಳಸಿದರು. ಗೆಲ್ಲುವ ಆಸೆಯೂ ಇಲ್ಲ, ಸೋಲುವ ಅಳುಕೂ ಇಲ್ಲ. ಬಹುಮಾನ ಬರುತ್ತಲೇ ಇತ್ತು, ಆಡುವವರೇ ಇರಲಿಲ್ಲ.

ಮನಃಶಾಸ್ತ್ರಕ್ಕೆ ಈ ಸಂಗತಿ ಮೊದಲೇ ಗೊತ್ತಿತ್ತು. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಒಂದು ಗುಂಪಿಗೆ "ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ" ಎಂದು ಮೊದಲೇ ಹೇಳಿದ್ದರು. ಆಮೇಲೆ ಪ್ರಶಸ್ತಿಯ ಮಾತಿಲ್ಲದ ದಿನಗಳಲ್ಲಿ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರಿಗಿಂತ ಕಡಿಮೆಯಾಯಿತು. ಮುನ್ಸೂಚನೆಯಿಲ್ಲದೆ ಅದೇ ಪ್ರಶಸ್ತಿ ಪಡೆದ ಮಕ್ಕಳ ಆಸಕ್ತಿ ಕುಂದಲಿಲ್ಲ. ಕೆಡಿಸುವುದು ಬಹುಮಾನವಲ್ಲ, "ಇದಕ್ಕೋಸ್ಕರ ಮಾಡುತ್ತಿದ್ದೇನೆ" ಎಂಬ ಒಪ್ಪಂದ. ನಿಮ್ಮ ಮಗನ ಪ್ರಶ್ನೆಯಲ್ಲಿ ಕೇಳಿಸುವುದೂ ಅಂಥ ಒಪ್ಪಂದದ ದನಿಯೇ.

ಒಪ್ಪಂದಕ್ಕೆ ಹಣ ಮತ್ತು ಅದೃಷ್ಟ ಸೇರಿದಾಗ ಮಾತ್ರ ನಿಜಕ್ಕೂ ಎಚ್ಚರ ಬೇಕು. 2017ರ ನವೆಂಬರ್‌ನಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬಿಡುಗಡೆಗೆ ಸಜ್ಜಾದಾಗ ಡಾರ್ತ್ ವೇಡರ್ ಪಾತ್ರಕ್ಕೆ ಆಟದೊಳಗಿನ 60,000 ಕ್ರೆಡಿಟ್ ಬೇಕಿತ್ತು. ಒಬ್ಬ ನಾಯಕನಿಗೆ ಸುಮಾರು 40 ಗಂಟೆ ಆಡಬೇಕೆಂದು ಆಟಗಾರರು ಲೆಕ್ಕ ಹಾಕಿದರು. ಪೆಟ್ಟಿಗೆಯೊಳಗೆ ಏನಿದೆಯೆಂದು ತಿಳಿಯದೆ ಕೊಳ್ಳುವ ಲೂಟ್ ಬಾಕ್ಸ್‌ಗಳಲ್ಲಿ ಬಲ ಕೊಡುವ ವಸ್ತುಗಳೂ ಇದ್ದವು. ಆಟಗಾರರ ಸಿಟ್ಟಿಗೆ ಮಣಿದ ಕಂಪನಿ ನಾಯಕ ಪಾತ್ರಗಳ ಬೆಲೆಯನ್ನು ಶೇ 75ರಷ್ಟು ಇಳಿಸಿತು, ಬಿಡುಗಡೆಗೆ ಮುಂಚೆ ಹಣದ ವ್ಯವಹಾರವನ್ನೇ ತಡೆಹಿಡಿಯಿತು. 2018ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಜೂಜು ಆಯೋಗ ಇಂಥ ಪೆಟ್ಟಿಗೆಗಳು ಅಲ್ಲಿನ ಕಾನೂನಿನಂತೆ ಜೂಜೇ ಎಂದಿತು. ಅದೇ ಸೆಪ್ಟೆಂಬರ್‌ನಲ್ಲಿ ಆಟ ಮತ್ತು ಜೂಜಿನ ನಡುವಿನ ಗೆರೆ ಮಸುಕಾಗುತ್ತಿದೆ ಎಂದು ಕಳವಳ ಸೂಚಿಸಿದ ಹೇಳಿಕೆಗೆ ಸಹಿ ಹಾಕಿದ ದೇಶಗಳಲ್ಲಿ ಐರ್ಲೆಂಡ್ ಕೂಡ ಇತ್ತು. ಐರ್ಲೆಂಡ್‌ನಲ್ಲೂ ಬಳಕೆಯಲ್ಲಿರುವ, ಆಟಗಳ ವಯೋಮಿತಿ ತಿಳಿಸುವ ಪೆಗಿ ಗುರುತುಗಳಲ್ಲಿ, ಆಕಸ್ಮಿಕ ವಸ್ತುಗಳ ಮಾರಾಟವಿದ್ದರೆ ಹಾಗೆಂದು ತಿಳಿಸುವ ಸೂಚನೆ 2020ರಿಂದ ಇದೆ. ಆಟದ ಡಬ್ಬಿಯ ಮೇಲೆ ಅದನ್ನು ಓದಿ ನೋಡಿ.

ಹಾಗಾಗಿ ಮಗನ ಎದುರು ತೀರ್ಪು ಕೊಡಬೇಡಿ, ಅವನ ಜೊತೆ ಕೂತು ಮೂರು ಸಂಗತಿ ವಿಚಾರಿಸಿ. ಈ ಬಹುಮಾನ ಆಟದಲ್ಲಿ ಬಲ ಕೊಡುತ್ತದೆಯೋ, ಅಂದ ಮಾತ್ರವೋ? ಸಿಗುವುದು ಕೌಶಲದಿಂದಲೋ, ಬರೀ ಗಂಟೆಗಳಿಂದಲೋ, ಹಣದಿಂದಲೋ? ಅದನ್ನು ಗಳಿಸುವ ದಾರಿಯಲ್ಲಿ ಆಟ ಸುಧಾರಿಸುತ್ತಿದೆಯೋ, ಇಲ್ಲ ಬಣ್ಣಕ್ಕೆ ಬೇಕಾದ ಲೆಕ್ಕ ತುಂಬಿಸಲು ತಂಡವನ್ನು ಮರೆತು ಆಡುತ್ತಿದ್ದಾನೆಯೋ? ಕಷ್ಟದ ಸವಾಲು ಗೆದ್ದು ಪಡೆದ ಬಣ್ಣ ನಿಜವಾದ ಪದಕ, ಅದಕ್ಕೆ ನೀವೂ ಚಪ್ಪಾಳೆ ತಟ್ಟಬಹುದು.

ಆಮೇಲೆ ಒಂದು ರಾತ್ರಿ ಅವನ ಗೆಳೆಯರನ್ನೂ ನಿಮ್ಮ ಹಳೆಯ ಗೆಳೆಯರನ್ನೂ ಸೇರಿಸಿ ಖಾಸಗಿ ಮ್ಯಾಚ್ ಆಡಿ. ಕಾಲ್ ಆಫ್ ಡ್ಯೂಟಿಯ ಹಲವು ಆವೃತ್ತಿಗಳಲ್ಲಿ ಅಂಥ ಮ್ಯಾಚ್‌ನಲ್ಲಿ ಆಯುಧಗಳೆಲ್ಲ ಮೊದಲೇ ತೆರೆದಿರುತ್ತವೆ, ಆಡಿದ್ದಕ್ಕೆ ಅಂಕವೂ ಏರುವುದಿಲ್ಲ. ಒಂದು ಸುತ್ತು ಮುಗಿದ ಮೇಲೆ "ಇನ್ನೊಂದು ಆಡೋಣ ಅಪ್ಪಾ" ಎಂದು ಅವನೇ ಹೇಳಿದರೆ ಅವನ ಪ್ರಶ್ನೆಗೆ ಅವನೇ ಉತ್ತರ ಕೊಟ್ಟಂತೆ. ಹೇಳದಿದ್ದರೆ, ಅವನಿಗೆ ಬೇಕಿರುವುದು ಈ ಆಟವೇ ಅಲ್ಲದಿರಬಹುದು. ಅದು ಗೊತ್ತಾಗುವುದೂ ಒಳ್ಳೆಯದೇ. ಕೈ ಪಳಗಿಸುವ ಆಟಗಳು ಬೇಕಾದಷ್ಟಿವೆ, ಇಷ್ಟವಾದುದನ್ನು ಅವನು ಆರಿಸಿಕೊಳ್ಳಲಿ.