ಹಳ್ಳಿ ಶಾಲೆಯಿಂದ ಹೊರಟ ಸ್ವರಗಳು

ಕಳೆದ ವರ್ಷ ಒಂಬತ್ತನೆಯ ತರಗತಿಯ ಬಿಡುವಿನ ಅವಧಿಯೊಂದರಲ್ಲಿ ಮಕ್ಕಳಿಗೆ ಒಂದು ಪಾಶ್ಚಾತ್ಯ ಗೀತದ ಧ್ವನಿಮುದ್ರಿಕೆಯನ್ನು ಕೇಳಿಸಿದೆನು. ‘ರಿದೆಂತೆ ಲಾ ಕಾಲ್ಮ’ ಎಂದು ಅದರ ಹೆಸರು. ಹಾಡು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಮಾಷ್ಟ್ರೇ, ಇದನ್ನು ರಚಿಸಿದವರು ಯಾರು?” ಎಂದು ಕೇಳಿದಳು. ಮುದ್ರಿಕೆಯ ಮೇಲೆ ಬರೆದಿದ್ದಂತೆ “ಮೊಜಾರ್ಟ್” ಎಂದು ಉತ್ತರಿಸಿದೆನು. ಆ ಉತ್ತರ ಅರ್ಧ ಮಾತ್ರ ಸರಿ ಎಂಬುದು ಆಮೇಲೆ ಓದಿ ತಿಳಿಯಿತು. ಆ ಗೀತದ ಮೂಲ ಧಾಟಿ ಯೋಸೆಫ್ ಮಿಸ್ಲಿವೆಚೆಕ್ ಎಂಬ ಜೆಕ್ ಸಂಗೀತಗಾರನದು. ಅವನ ‘ಆರ್ಮಿದಾ’ ಎಂಬ ಗೀತನಾಟಕದ ಹಾಡೊಂದನ್ನು ಪಿಯಾನೋ ಜೊತೆಗೆ ಹಾಡುವಂತೆ ಮಾರ್ಪಡಿಸಿದ್ದೇ ಮೊಜಾರ್ಟನ ಹೆಸರಿನಲ್ಲಿ ಲೋಕಪ್ರಸಿದ್ಧವಾಯಿತು. ನನ್ನ ಅರ್ಧ ಉತ್ತರವನ್ನು ಪೂರ್ಣಗೊಳಿಸುವುದು ಈ ಪಾಠದ ಉದ್ದೇಶ.

ನಾಡು ಮತ್ತು ಕಾಲ

ಯುರೋಪಿನ ಸಂಗೀತದಲ್ಲಿ ಸುಮಾರು 1750ರಿಂದ 1820ರವರೆಗಿನ ಅವಧಿಯನ್ನು ಅಭಿಜಾತ ಯುಗವೆಂದು ಕರೆಯುತ್ತಾರೆ. ಹೇಡನ್, ಮೊಜಾರ್ಟ್, ಬೀಥೋವನ್ ಈ ಯುಗದವರು. ಮೂವರ ಹೆಸರೂ ವಿಯೆನ್ನಾ ನಗರದೊಂದಿಗೆ ಸೇರಿಕೊಂಡಿದೆ. ವಿಯೆನ್ನಾದ ಉತ್ತರಕ್ಕಿರುವ ಬೊಹೆಮಿಯಾ ಮತ್ತು ಮೊರಾವಿಯಾ ಪ್ರಾಂತಗಳು ಜೆಕ್ ಭಾಷೆಯ ಜನರ ನಾಡು. ಇಂದಿನ ಜೆಕ್ ಗಣರಾಜ್ಯದ ಬಹುಭಾಗ ಇದೇ. ಆಗ ಅಲ್ಲಿ ಹ್ಯಾಪ್ಸ್‌ಬರ್ಗ್ ಅರಸರ ಆಳ್ವಿಕೆಯಿತ್ತು. ಅರಮನೆ ವಿಯೆನ್ನಾದಲ್ಲಿದ್ದುದರಿಂದ ರಾಜಧಾನಿ ಪ್ರಾಗ್ ಬಡವಾಯಿತು. ಕಚೇರಿಗಳಲ್ಲಿಯೂ ಮೇಲಿನ ತರಗತಿಗಳಲ್ಲಿಯೂ ಜರ್ಮನ್ ಭಾಷೆ ನೆಲೆಯೂರಿತು. ಜೆಕ್ ಭಾಷೆ ಹೊಲ, ಮನೆ, ಹಳ್ಳಿಗಳಿಗೆ ಸರಿಯಿತು.

ಶಾಲೆಯೇ ಸಂಗೀತಶಾಲೆ

ಇಂಥ ನಾಡಿನಿಂದ ಇಷ್ಟೊಂದು ಸಂಗೀತಗಾರರು ಹೇಗೆ ಬಂದರು? ಉತ್ತರ ಹಳ್ಳಿಯ ಶಾಲೆಯಲ್ಲಿದೆ. ಅಲ್ಲಿನ ಉಪಾಧ್ಯಾಯನನ್ನು ‘ಕಾಂತೊರ್’ ಎನ್ನುತ್ತಿದ್ದರು. ವಾರವೆಲ್ಲ ಓದುಬರಹ ಕಲಿಸುವುದು, ಭಾನುವಾರ ಇಗರ್ಜಿಯಲ್ಲಿ ಆರ್ಗನ್ ನುಡಿಸಿ ಹಾಡುಗಾರರನ್ನು ನಡೆಸುವುದು, ಎರಡೂ ಅವನ ಕೆಲಸ. ಹಾಡಲು, ನುಡಿಸಲು ಜನ ಬೇಕಲ್ಲ? ಆದುದರಿಂದ ಅವನು ಮಕ್ಕಳಿಗೆ ಅಕ್ಷರದೊಂದಿಗೆ ಸ್ವರಲಿಪಿಯನ್ನೂ ಕಲಿಸಿದನು.

ಇಂಗ್ಲೆಂಡಿನ ಸಂಗೀತ ಚರಿತ್ರಕಾರ ಚಾರ್ಲ್ಸ್ ಬರ್ನಿ 1772ರಲ್ಲಿ ಈ ನಾಡಿನಲ್ಲಿ ಪ್ರವಾಸ ಮಾಡಿದನು. ಚಾಸ್ಲಾವ್ ಎಂಬ ಊರಿನ ಶಾಲೆಯನ್ನು ಹೊಕ್ಕಾಗ ಆರರಿಂದ ಹತ್ತು ಹನ್ನೊಂದು ವಯಸ್ಸಿನ ಹುಡುಗ ಹುಡುಗಿಯರು ಒಂದೇ ಕೊಠಡಿಯಲ್ಲಿ ಓದುತ್ತಲೂ ಬರೆಯುತ್ತಲೂ ಪಿಟೀಲು, ಓಬೋ, ಬಸೂನ್ ನುಡಿಸುತ್ತಲೂ ಇದ್ದರು. ಆ ಗದ್ದಲವನ್ನು ನೀವೇ ಊಹಿಸಿಕೊಳ್ಳಿ! ಆ ಊರಿನ ಕಾಂತೊರ್ ದುಸೀಕನ ಮಗನೇ ಮುಂದೆ ಯುರೋಪಿನಲ್ಲೆಲ್ಲ ಹೆಸರಾದ ಪಿಯಾನೋ ವಾದಕ ಯಾನ್ ಲಾದಿಸ್ಲಾವ್ ದುಸೀಕ್ (1760–1812).

ಊರು ಬಿಟ್ಟವರು

ಕಲಿತವರಿಗೆಲ್ಲ ಊರಿನಲ್ಲಿ ಉದ್ಯೋಗವಿರಲಿಲ್ಲ. ಬಹಳ ಮಂದಿ ಪರಸ್ಥಳಕ್ಕೆ ಹೊರಟರು. ಅವರೊಂದಿಗೆ ಅವರ ಹೆಸರೂ ಬದಲಾಯಿತು.

ಆರ್ಗನ್ ವಾದಕನ ಮಗನಾದ ಯಾನ್ ಸ್ತಾಮಿತ್ಸ್ (1717–1757) ಜರ್ಮನಿಯ ಮಾನ್‌ಹೈಮ್ ಆಸ್ಥಾನವನ್ನು ಸೇರಿ ‘ಯೋಹಾನ್’ ಆದನು. ಅವನು ತರಬೇತು ಮಾಡಿದ ವಾದ್ಯವೃಂದ ಯುರೋಪಿಗೇ ಮಾದರಿಯಾಯಿತು. ಇಡೀ ವೃಂದ ಮೆಲ್ಲನೆ ಆರಂಭಿಸಿ, ದೂರದ ಗುಡ್ಡದಿಂದ ಮಳೆ ಬರುವಂತೆ ನಾದವನ್ನು ಹೆಚ್ಚಿಸುತ್ತ ಹೋಗುವುದನ್ನು ಅವನ ಸಿಂಫನಿಗಳಲ್ಲಿ ಕೇಳಬಹುದು.

ಯಿರ್ಷಿ ಬೆಂದಾ (1722–1795) ಗೋಥಾ ಆಸ್ಥಾನದಲ್ಲಿ ‘ಗಿಯೋರ್ಗ್’ ಆದನು. 1775ರಲ್ಲಿ ‘ಅರಿಯಾಡ್ನೆ’ ಎಂಬ ನಾಟಕಕ್ಕೆ ಸಂಗೀತ ರಚಿಸಿದನು. ಇದರಲ್ಲಿ ನಟರು ಹಾಡುವುದಿಲ್ಲ, ಮಾತನಾಡುತ್ತಾರೆ. ಮಾತಿನ ನಡುವೆ ವಾದ್ಯಗಳು ಆ ಭಾವವನ್ನು ಮುಂದುವರಿಸುತ್ತವೆ. ಮೊಜಾರ್ಟನು ಈ ಬಗೆಯನ್ನು ಬಹಳ ಮೆಚ್ಚಿಕೊಂಡು 1778ರಲ್ಲಿ ತಂದೆಗೆ ಪತ್ರ ಬರೆದಿದ್ದಾನೆ.

ಯಾನ್ ವಾನ್‌ಹಲ್ (1739–1813) ನೆಖಾನಿತ್ಸೆ ಎಂಬ ಹಳ್ಳಿಯವನು. ಜಮೀನ್ದಾರನಿಗೆ ಕಟ್ಟುಬಿದ್ದ ಜೀತದ ಒಕ್ಕಲಿನ ಕುಟುಂಬ ಅವನದು. ಸಂಗೀತದ ಪಾಠ ಹೇಳಿ, ಕೃತಿಗಳನ್ನು ಮಾರಿ ಗಳಿಸಿದ ಹಣದಿಂದ ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡನು. 1784ರಲ್ಲಿ ವಿಯೆನ್ನಾದ ಒಂದು ಮನೆಯಲ್ಲಿ ಹೇಡನ್, ಡಿಟರ್ಸ್‌ಡಾರ್ಫ್, ಮೊಜಾರ್ಟ್, ವಾನ್‌ಹಲ್ ನಾಲ್ವರೂ ಕೂಡಿ ಚತುರ್ವಾದ್ಯ ನುಡಿಸಿದರೆಂದು ಅಲ್ಲಿದ್ದ ಗಾಯಕ ಮೈಕೆಲ್ ಕೆಲಿ ಬರೆದಿದ್ದಾನೆ. ಮೊದಲಿನ ಹೆಸರುಗಳಲ್ಲಿ ಎರಡನ್ನು ಲೋಕ ಬಲ್ಲದು. ಕೊನೆಯ ಹೆಸರನ್ನು ಮರೆಯಿತು.

ನಮ್ಮ ಹಾಡಿನ ಮಿಸ್ಲಿವೆಚೆಕ್ 1737ರಲ್ಲಿ ಪ್ರಾಗ್ ನಗರದಲ್ಲಿ ಹಿಟ್ಟಿನ ಗಿರಣಿಯವನ ಮಗನಾಗಿ ಹುಟ್ಟಿದನು. ಆ ಕಸುಬನ್ನು ಪೂರ್ತಿ ಕಲಿತಮೇಲೆ ಅದನ್ನು ಬಿಟ್ಟು 1763ರಲ್ಲಿ ಇಟಲಿಗೆ ಹೋದನು. 1767ರಲ್ಲಿ ನೇಪಲ್ಸಿನಲ್ಲಿ ಅವನ ‘ಬೆಲ್ಲೆರೊಫೊಂತೆ’ ಗೀತನಾಟಕ ಜಯಭೇರಿ ಹೊಡೆಯಿತು. ಅವನ ಹೆಸರು ನಾಲಗೆಗೆ ಹೊರಳದೆ ಇಟಲಿಯ ಜನ ‘ಇಲ್ ಬೊಯೆಮೊ’, ಎಂದರೆ ‘ಬೊಹೆಮಿಯಾದವ’ ಎಂದೇ ಕರೆದರು. 1777ರಲ್ಲಿ ಮ್ಯೂನಿಕ್ ಆಸ್ಪತ್ರೆಯಲ್ಲಿ ರೋಗದಿಂದ ಮುಖ ವಿಕಾರವಾಗಿ ಮಲಗಿದ್ದಾಗ ತರುಣ ಮೊಜಾರ್ಟ್ ಹೋಗಿ ಕಂಡನು. 1781ರಲ್ಲಿ ರೋಮಿನಲ್ಲಿ ಬಡತನದಲ್ಲಿ ತೀರಿಕೊಂಡನು.

ಪ್ಯಾರಿಸ್ ಸೇರಿ ‘ಆಂತ್ವಾನ್’ ಆದ ಅಂತೋನಿನ್ ರೈಖ (1770–1836) ಬೀಥೋವನನ ಗೆಳೆಯ. ಬೆರ್ಲಿಯೊ, ಲಿಸ್ಟ್, ಫ್ರಾಂಕ್ ಮುಂತಾದವರ ಗುರು. ಕೊಳಲು, ಓಬೋ, ಕ್ಲಾರಿನೆಟ್, ಹಾರ್ನ್, ಬಸೂನ್ ಎಂಬ ಐದು ಊದುವಾದ್ಯಗಳಿಗಾಗಿ ಅವನು ಬರೆದ ಪಂಚಕಗಳನ್ನು ಹೊಸಬರು ಮೊದಲು ಕೇಳುವುದು ಒಳ್ಳೆಯದು. ಐದು ದನಿಗಳನ್ನೂ ಬೇರೆಬೇರೆಯಾಗಿ ಗುರುತಿಸಬಹುದು.

ಊರಿನಲ್ಲೇ ಉಳಿದ ಮಾಷ್ಟ್ರು

ಇನ್ನೊಬ್ಬನ ಮಾತು ಹೇಳದಿದ್ದರೆ ಪಾಠ ಪೂರ್ಣವಾಗದು. ಯಾಕುಬ್ ಯಾನ್ ರೀಬ (1765–1815) ಶಾಲಾ ಉಪಾಧ್ಯಾಯನ ಮಗ. 1788ರಲ್ಲಿ ರೊಜ್ಮಿತಾಲ್ ಎಂಬ ಚಿಕ್ಕ ಊರಿಗೆ ಉಪಾಧ್ಯಾಯನಾಗಿ ಬಂದವನು ಕೊನೆಯವರೆಗೂ ಅಲ್ಲಿಯೇ ದುಡಿದನು. ಲ್ಯಾಟಿನ್, ಗ್ರೀಕ್, ಜರ್ಮನ್ ಭಾಷೆಗಳನ್ನು ಬಲ್ಲವನಾದರೂ 1796ರಲ್ಲಿ ಕ್ರಿಸ್‌ಮಸ್ ಪೂಜೆಗಾಗಿ ತನ್ನ ಊರಿನ ಜನರಾಡುವ ಜೆಕ್ ಭಾಷೆಯಲ್ಲಿ ಒಂದು ಕೃತಿಯನ್ನು ರಚಿಸಿದನು. ಕುರಿಕಾಯುವ ಹುಡುಗನೊಬ್ಬ ನಡುರಾತ್ರಿಯಲ್ಲಿ ಯಜಮಾನನನ್ನು ಎಬ್ಬಿಸಿ ಆಕಾಶದ ಬೆಳಕನ್ನು ತೋರಿಸುವುದರಿಂದ ಅದು ಆರಂಭವಾಗುತ್ತದೆ. ಸಂಗೀತದ ಪಾಠಕ್ಕೆ ಜೆಕ್ ಪಾರಿಭಾಷಿಕ ಪದಗಳು ಸಾಲದೆಂದು ಕಂಡು ತಾನೇ ಪದಗಳನ್ನು ಕಟ್ಟಿ ಪಠ್ಯಪುಸ್ತಕವನ್ನೂ ಬರೆದನು. ಅದು ಅಚ್ಚಾದದ್ದು 1817ರಲ್ಲಿ, ಅವನು ತೀರಿಹೋದ ಮೇಲೆ. ಬಡತನದಲ್ಲಿಯೂ ಮೇಲಿನವರೊಂದಿಗಿನ ಮನಸ್ತಾಪದಲ್ಲಿಯೂ ನೊಂದು ಬದುಕು ಮುಗಿಸಿದ ಆ ಮಾಷ್ಟ್ರ ಕೃತಿಯನ್ನು ಜೆಕ್ ಜನ ಇಂದಿಗೂ ಪ್ರತಿ ಕ್ರಿಸ್‌ಮಸ್‌ನಲ್ಲಿ ಹಾಡುತ್ತಾರೆ.

ಧ್ವನಿಮುದ್ರಿಕೆಗಳು ಮಾಡಿದ ಉಪಕಾರ

ಹಸ್ತಪ್ರತಿಗಳು ಉಳಿದರೆ ಸಾಲದು, ಯಾರಾದರೂ ನುಡಿಸಬೇಕು. 1934ರಲ್ಲಿ ಹಳೆಯ ಜೆಕ್ ಕೃತಿಗಳ ಸ್ವರಲಿಪಿಯನ್ನು ಅಚ್ಚುಹಾಕುವ ‘ಮ್ಯೂಸಿಕಾ ಆಂಟಿಕ್ವಾ ಬೊಹೆಮಿಕಾ’ ಎಂಬ ಮಾಲೆ ಆರಂಭವಾಯಿತು. ಬಳಿಕ ಪ್ರಾಗ್ ನಗರದ ಸುಪ್ರಫೋನ್ ಸಂಸ್ಥೆ ಅದೇ ಹೆಸರಿನಲ್ಲಿ ಗ್ರಾಮಫೋನ್ ತಟ್ಟೆಗಳನ್ನು ಹೊರತಂದಿತು. ಮುಂದೆ ಇತರ ದೇಶದವರೂ ಕೈಹಾಕಿದರು. ನಾಕ್ಸೊಸ್ ಸಂಸ್ಥೆ ವಾನ್‌ಹಲನ ಸಿಂಫನಿಗಳನ್ನು ಹಲವು ಸಂಪುಟಗಳಲ್ಲಿ ಪ್ರಕಟಿಸಿತು. ಚಾಂಡೋಸ್ ಸಂಸ್ಥೆಯ ಮಾಲೆಗೆ ‘ಮೊಜಾರ್ಟನ ಸಮಕಾಲೀನರು’ ಎಂದು ಹೆಸರು. ಇವರನ್ನು ಗುರುತಿಸಲು ಅಲ್ಲಿಯೂ ಮೊಜಾರ್ಟನ ಹೆಸರೇ ಬೇಕಾಯಿತು! 2022ರಲ್ಲಿ ಮಿಸ್ಲಿವೆಚೆಕನ ಜೀವನ ‘ಇಲ್ ಬೊಯೆಮೊ’ ಎಂಬ ಚಲನಚಿತ್ರವಾಯಿತು. ಅದರ ಸಂಗೀತವನ್ನು ಪ್ರಾಗ್ ನಗರದ ‘ಕೊಲೆಜಿಯಂ 1704’ ವೃಂದ ಆ ಕಾಲದ ಬಗೆಯ ವಾದ್ಯಗಳಲ್ಲಿಯೇ ನುಡಿಸಿದೆ.

ತಂದೆತಾಯಿಗಳಲ್ಲಿ ಒಂದು ಮಾತು. ಈ ಸಂಗೀತವನ್ನು ಈಗ ಮನೆಯ ಮೊಬೈಲಿನಲ್ಲಿಯೇ ಕೇಳಬಹುದು. ಮಕ್ಕಳೊಂದಿಗೆ ಕುಳಿತು ಕೇಳಿರಿ. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಎಂಬುದು ಗಡಿನಾಡಿನ ನಮಗೆ ಹೊಸತಲ್ಲ. ಮಕ್ಕಳು ಹೊರಗೆ ಹೋಗಲಿ, ಅಲ್ಲಿನ ಭಾಷೆಗಳನ್ನು ಚೆನ್ನಾಗಿ ಕಲಿಯಲಿ. ರೀಬನೂ ಕಲಿತಿದ್ದನು. ಆದರೆ ಮನೆಯ ಭಾಷೆಯಲ್ಲಿ ಬರೆಯಬೇಕಾದುದನ್ನು ಮನೆಯವರೇ ಬರೆಯಬೇಕಾಗುತ್ತದೆ.

ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಈಗ ಹತ್ತನೆಯ ತರಗತಿಯಲ್ಲಿದ್ದಾಳೆ. ಮಗೂ, ಆ ಹಾಡಿನ ಧಾಟಿ ಯೋಸೆಫ್ ಮಿಸ್ಲಿವೆಚೆಕನದು. ಉತ್ತರ ತಡವಾಯಿತು.

ಅಭ್ಯಾಸ

1. ‘ಕಾಂತೊರ್’ ಎಂದರೆ ಯಾರು? ಅವನ ಎರಡು ಕೆಲಸಗಳಾವುವು?
2. ವಾನ್‌ಹಲನು ತನ್ನ ಬಿಡುಗಡೆಯನ್ನು ಹೇಗೆ ಪಡೆದನು?
3. ರೈಖನ ಒಂದು ಪಂಚಕವನ್ನು ಕೇಳಿ, ಮೊದಲು ಗುರುತಿಸಿದ ವಾದ್ಯ ಯಾವುದೆಂದು ಬರೆಯಿರಿ.
4. ಮನೆಯ ಹಿರಿಯರು ಹಾಡುವ ಒಂದು ಹಾಡನ್ನು ಬರೆದುಕೊಂಡು ಬನ್ನಿರಿ. ಅವರು ಅದನ್ನು ಯಾರಿಂದ ಕಲಿತರೆಂಬುದನ್ನು ಕೇಳಿ, ಆ ಹೆಸರನ್ನೂ ತಪ್ಪದೆ ಬರೆಯಿರಿ.