ಊರಿನ ಆಸ್ಪತ್ರೆ ಬಿಲ್ಲು, ಇಲ್ಲಿನ ಸ್ನೇಹಿತರ ದುಡ್ಡು

ನಮ್ಮ ಮಾವನವರ ಹೆಸರಿನಲ್ಲಿ ಬೆಂಗಳೂರಿನ ವಿಜಯನಗರದ ಒಂದು ಬ್ಯಾಂಕಿನಲ್ಲಿ ಎಂಟು ಲಕ್ಷ ರೂಪಾಯಿ ಎಫ್‌ಡಿ ಇತ್ತು. ಅದು ನಮಗೆ ಗೊತ್ತಾದದ್ದು ಅವರು ಆಸ್ಪತ್ರೆಯಿಂದ ಮನೆಗೆ ಬಂದು ಹದಿನೈದು ದಿನವಾದ ಮೇಲೆ. ಅಷ್ಟರಲ್ಲಿ ನಾವು, ಅಮೆರಿಕಕ್ಕೆ ಬಂದು ಇನ್ನೂ ವರ್ಷ ತುಂಬದ ಗಂಡ-ಹೆಂಡತಿ, ಇಲ್ಲಿನ ನಮ್ಮ ಕನ್ನಡ ಕೂಟದ ಮೂವತ್ತು ಮನೆಗಳಿಂದ ಹಣ ಕೂಡಿಸಿ ಕಳಿಸಿಯೂ ಆಗಿತ್ತು. ಕೊಟ್ಟವರಲ್ಲಿ ಅರ್ಧಕ್ಕರ್ಧ ಜನ ಯುಗಾದಿ ಊಟದ ದಿನ ಪಕ್ಕದ ಎಲೆಗೆ ಕೂತವರು, ಅಷ್ಟೇ ಪರಿಚಯ. ಹೆಸರು ಕೇಳಿ ತಿಳಿದುಕೊಳ್ಳುವ ಮೊದಲೇ ಅವರ ದುಡ್ಡು ತೆಗೆದುಕೊಂಡಿದ್ದೆವು.

ಹನ್ನೊಂದು ವರ್ಷವಾಯಿತು. ಹೊಸದಾಗಿ ಬಂದ ಕುಟುಂಬಗಳಿಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಶಾಲೆ, ಕಾರು, ಲೈಸೆನ್ಸ್ ಬಗ್ಗೆ ಬರೆಯುವವರು ಬೇರೆ ಇದ್ದಾರೆ, ನಾನು ಇದನ್ನೇ ಬರೆಯುತ್ತೇನೆ ಅಂದೆ. ನಮ್ಮ ಕೂಟದಲ್ಲಿ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯವರೇ ಹೆಚ್ಚು. ಅಪ್ಪ-ಅಮ್ಮ ಇರುವುದು ಅಲ್ಲಿ, ನಾವಿರುವುದು ಇಲ್ಲಿ. ಆದ್ದರಿಂದ ಆ ಕಡೆಯ ಉದಾಹರಣೆಗಳನ್ನೇ ಕೊಡುತ್ತೇನೆ.

ಕಷ್ಟ ಬಂದಾಗ ಕೇಳುವುದು ತಪ್ಪಲ್ಲ. ಕೇಳುವ ಮೊದಲು ಲೆಕ್ಕ ಹಾಕದೇ ಇರುವುದು, ಕೇಳಿದ ಮೇಲೆ ಲೆಕ್ಕ ಕೊಡದೇ ಇರುವುದು ತಪ್ಪು. ನಾವು ಎರಡೂ ತಪ್ಪು ಮಾಡಿದೆವು.

ಮೊದಲು ಮನೆಯಲ್ಲೇ ಇರುವುದನ್ನು ನೋಡಿ. ಆ ತಲೆಮಾರಿನ ಗಂಡಸರು ಎಫ್‌ಡಿಯನ್ನು ತಮ್ಮೊಬ್ಬರ ಹೆಸರಿನಲ್ಲೇ ಇಟ್ಟಿರುತ್ತಾರೆ, ಹೆಂಡತಿಗೂ ಹೇಳಿರುವುದಿಲ್ಲ. ಅವರು ಐಸಿಯುನಲ್ಲಿ ಮಲಗಿದರೆ ಅವರದೇ ದುಡ್ಡು ಅವರಿಗೆ ಸಿಗುವುದಿಲ್ಲ. ಜಂಟಿ ಖಾತೆ ಮಾಡಿಸಿ, ಇಬ್ಬರಲ್ಲಿ ಯಾರು ಬೇಕಾದರೂ ತೆಗೆಯಬಹುದು ಎಂಬ ‘ಐದರ್ ಆರ್ ಸರ್ವೈವರ್’ ಷರತ್ತು ಬರೆಸಿದರೆ ಅರ್ಧ ಕಷ್ಟ ಅಲ್ಲೇ ತಪ್ಪುತ್ತದೆ. ಎಫ್‌ಡಿಯನ್ನು ಅವಧಿಗೆ ಮೊದಲೇ ಒಬ್ಬರೇ ಮುರಿಸಬಹುದು ಎಂಬುದನ್ನೂ ಬ್ಯಾಂಕಿನಲ್ಲಿ ಕೇಳಿ ಬರೆಸಿಕೊಳ್ಳಿ. ಹಾಗೆ ಮಾಡಿಸಿಲ್ಲದಿದ್ದರೂ, ರೋಗಿಗೆ ಪ್ರಜ್ಞೆ ಇದ್ದರೆ ದಾರಿಯಿದೆ. ಸಹಿ ಹಾಕಲಾಗದ ಖಾತೆದಾರರ ಹೆಬ್ಬೆಟ್ಟಿನ ಗುರುತು, ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತನ್ನು ಇಬ್ಬರು ಸಾಕ್ಷಿಗಳ ಮುಂದೆ ಪಡೆದು ಹಣ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಶಾಖೆಯ ಮ್ಯಾನೇಜರ್ ಬಳಿ ಹೋಗಿ ಕೇಳಿದರೆ ಆಗುವ ಕೆಲಸ ಇದು. ನಮಗೆ ಯಾರೂ ಹೇಳಿರಲಿಲ್ಲ.

ಎರಡನೆಯದು ಹಕ್ಕಿನಿಂದ ಬರಬೇಕಾದ್ದು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಮ್ಮಲ್ಲಿ ಎಷ್ಟೋ ಜನರಿಗೆ ಒಂದು ಬಸ್ ಸ್ಟಾಪಿನ ಹೆಸರು ಮಾತ್ರ. ಆದರೆ ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್, ಕಾಮಾಕ್ಷಿಪಾಳ್ಯ, ಪೀಣ್ಯದ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ದುಡಿದ ಅಪ್ಪಂದಿರ ಸಂಬಳದಿಂದ ತಿಂಗಳು ತಿಂಗಳೂ ಇಎಸ್‌ಐಗೆ ಹಣ ಮುರಿದುಕೊಂಡಿದ್ದಾರೆ. ಕನಿಷ್ಠ ಐದು ವರ್ಷ ವಿಮೆಯಲ್ಲಿದ್ದು ವಯೋನಿವೃತ್ತಿಯಾದ ಕಾರ್ಮಿಕರು ವರ್ಷಕ್ಕೆ ₹120 ಕಟ್ಟಿದರೆ ಅವರಿಗೂ ಅವರ ಹೆಂಡತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ತಿಂಗಳಿಗೆ ಹತ್ತು ರೂಪಾಯಿ! ನಿವೃತ್ತಿಯ ದಿನ ಹಾರ, ಶಾಲು ಹಾಕಿ ಕಳಿಸುವವರು ಇದನ್ನು ಹೇಳಿ ಕಳಿಸುವುದಿಲ್ಲ. ಇನ್ನು ತಿಂಗಳಿಗೆ ₹21,000ದ ಒಳಗೆ ಸಂಬಳವಿರುವ ತಂಗಿಯೋ ತಮ್ಮನೋ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಕೆಲಸದಲ್ಲಿದ್ದರೆ, ಅವರನ್ನು ಅವಲಂಬಿಸಿದ ಅಪ್ಪ-ಅಮ್ಮನ ಹೆಸರೂ ಇಎಸ್‌ಐಗೆ ಸೇರುತ್ತದೆ. ಸೇರಿಸಿದ್ದಾರೆಯೇ ಎಂದು ಇವತ್ತೇ ಕೇಳಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ. ಎಪಿಎಲ್ ಕಾರ್ಡಿನವರು ‘ನಮಗೇನೂ ಇಲ್ಲ’ ಅಂದುಕೊಂಡು ಸುಮ್ಮನಾಗುತ್ತಾರೆ. ಅವರಿಗೂ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ₹1.5 ಲಕ್ಷ ಮೀರದಂತೆ, ಸಿಗುತ್ತದೆ. ಆಸ್ಪತ್ರೆ ಯೋಜನೆಯಲ್ಲಿ ನೋಂದಾಯಿತವಾಗಿರಬೇಕು. ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಚಿಕಿತ್ಸೆ ಮುಗಿದ ಮೇಲೆ ಕಾರ್ಡು ಹಿಡಿದುಕೊಂಡು ಓಡಾಡಿ ಪ್ರಯೋಜನವಿಲ್ಲ, ದಾಖಲಾಗುವ ದಿನವೇ ಆಸ್ಪತ್ರೆಯಲ್ಲಿರುವ ಯೋಜನೆಯ ಆರೋಗ್ಯಮಿತ್ರರನ್ನು ಕಾಣಬೇಕು. ಮಾಗಡಿ, ರಾಮನಗರದ ಕಡೆ ಸಹಕಾರ ಸಂಘದ ಸದಸ್ಯರಾಗಿರುವ ದೊಡ್ಡಪ್ಪ, ಚಿಕ್ಕಪ್ಪಂದಿರಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆ ಇದೆ. 2018ರಲ್ಲಿ ನಿಂತುಹೋಗಿದ್ದದ್ದು ಮತ್ತೆ ಶುರುವಾಗಿದೆ.

ಇಲ್ಲಿ ಮನಸ್ಸಿಗೆ ಕಷ್ಟವಾಗುವ ಒಂದು ಮಾತು ಹೇಳಬೇಕು. ಹತ್ತಿರ ಇಲ್ಲವಲ್ಲ ಎಂಬ ಸಂಕಟಕ್ಕೆ ನಾವು ಅಪ್ಪನನ್ನು ಅತಿ ದುಬಾರಿ ಆಸ್ಪತ್ರೆಗೆ ಸೇರಿಸುತ್ತೇವೆ. ದುಬಾರಿ ಕೋಣೆ ನಮ್ಮ ಸಮಾಧಾನಕ್ಕೆ, ಅಪ್ಪನ ಕಾಯಿಲೆಗಲ್ಲ. ಹೃದಯಕ್ಕೆ ಜಯದೇವ ಇದೆ, ಕ್ಯಾನ್ಸರಿಗೆ ಹೊಸೂರು ರಸ್ತೆಯ ಕಿದ್ವಾಯಿ ಇದೆ. ಜಯದೇವದ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರು ‘ಮೊದಲು ಚಿಕಿತ್ಸೆ, ನಂತರ ಹಣ’ ಎಂಬುದನ್ನು ನಿಯಮವಾಗಿಯೇ ನಡೆಸಿಕೊಂಡು ಬಂದವರು. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ 2001ರಿಂದ ಹೃದಯ ಮತ್ತು ಮಿದುಳಿನ ಶಸ್ತ್ರಚಿಕಿತ್ಸೆ ಉಚಿತ. ಅಲ್ಲಿ ಸಾಲು ಉದ್ದ, ನಿಜ. ಡಾಕ್ಟರು ‘ಕಾಯಬಹುದು’ ಅಂದರೆ ಆ ಸಾಲಿನಲ್ಲಿ ನಿಲ್ಲುವುದು ಅವಮಾನವಲ್ಲ.

ವಿಮೆಯ ಮಾತು ಬೇಗ ಮುಗಿಸುತ್ತೇನೆ. ಅಪ್ಪ-ಅಮ್ಮ ಆರೋಗ್ಯವಾಗಿರುವಾಗಲೇ, ನಿಮ್ಮ ಇಲ್ಲಿನ ಮೊದಲ ಸಂಬಳದಲ್ಲೇ ಮಾಡಿಸಿ. 2024ರ ಏಪ್ರಿಲ್‌ನಿಂದ 65 ವರ್ಷ ದಾಟಿದವರಿಗೆ ಪಾಲಿಸಿ ಇಲ್ಲ ಎನ್ನುವ ಕಟ್ಟು ಹೋಗಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ಹೆಚ್ಚೆಂದರೆ ಮೂರು ವರ್ಷ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ವಿಮಾ ಕಂಪನಿ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಉತ್ತರಿಸಬೇಕು ಎಂಬುದು ಈಗಿನ ನಿಯಮ. ಆಸ್ಪತ್ರೆಯ ವಿಮಾ (ಟಿಪಿಎ) ಡೆಸ್ಕಿನ ಮುಂದೆ ಒಬ್ಬಳೇ ಕೂತ ಅಮ್ಮನಿಗೆ ಇದು ಗೊತ್ತಿರಲಿ.

ಇಷ್ಟೆಲ್ಲ ಆದ ಮೇಲೂ ಸಾಲದೇ ಹೋಗಬಹುದು. ಉದಾಹರಣೆಗೆ ಲಿವರ್ ಕಸಿ. ಕೆಂಗೇರಿಯಲ್ಲೇ ಅದನ್ನು ಮಾಡುವ ದೊಡ್ಡ ಆಸ್ಪತ್ರೆ ಇದೆ. ಮಧ್ಯಮ ವರ್ಗದ ಯಾವ ಮನೆಯ ಉಳಿತಾಯಕ್ಕೂ ಅದು ಹೊರೆಯೇ, ಮತ್ತು ಶಸ್ತ್ರಚಿಕಿತ್ಸೆಯ ಬಿಲ್ಲಿಗೆ ಅದು ಮುಗಿಯುವುದಿಲ್ಲ. ದೇಹ ಹೊಸ ಅಂಗವನ್ನು ತಿರಸ್ಕರಿಸದಂತೆ ಬದುಕಿರುವವರೆಗೂ ಮಾತ್ರೆ ತೆಗೆದುಕೊಳ್ಳಬೇಕು. ಅದಕ್ಕೇ ಹಣ ಕೇಳುವ ಮೊದಲು ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಸೀಲು, ಸಹಿ ಇರುವ ಎಸ್ಟಿಮೇಟ್ ತೆಗೆದುಕೊಳ್ಳಿ, ಅದರ ಪಕ್ಕದಲ್ಲಿ ಮುಂದಿನ ಆರು ತಿಂಗಳ ಔಷಧಿಯ ಖರ್ಚನ್ನೂ ಬರೆಸಿಕೊಳ್ಳಿ. ಐಸಿಯು ಆದರೆ ವಾರವಾರಕ್ಕೆ ಕೇಳಿ ಬರೆಸಿ. ಇನ್ನೊಂದು ವಿಷಯ: ತುರ್ತು ಚಿಕಿತ್ಸೆಗೆ ಅಡ್ವಾನ್ಸ್‌ಗಾಗಿ ಕಾಯುವಂತಿಲ್ಲ, ರೋಗಿ ತೀರಿಕೊಂಡರೆ ಬಾಕಿಗಾಗಿ ಶವವನ್ನು ತಡೆಹಿಡಿಯುವಂತಿಲ್ಲ ಎಂದು ಖಾಸಗಿ ಆಸ್ಪತ್ರೆಗಳ ಮೇಲಿನ ಕರ್ನಾಟಕದ ಕಾನೂನು ಹೇಳುತ್ತದೆ. 2017ರಲ್ಲಿ ಅದರ ತಿದ್ದುಪಡಿಯ ವಿರುದ್ಧ ಖಾಸಗಿ ಡಾಕ್ಟರುಗಳು ಮುಷ್ಕರ ಮಾಡಿದ್ದು ನಿಮಗೆ ನೆನಪಿರಬಹುದು.

ಈಗ ಕೇಳುವ ಮಾತು. ಮೊದಲು ರೋಗಿಯ ಒಪ್ಪಿಗೆ. ಮೂಗಿಗೆ ನಳಿಗೆ ಹಾಕಿದ ಮಾವನವರ ಫೋಟೋವನ್ನು ನಾವು ಮೂರು ವಾಟ್ಸಾಪ್ ಗುಂಪುಗಳಿಗೆ ಹಾಕಿದೆವು. ಅದು ತಿರುಗಿ ತಿರುಗಿ ಬಸವೇಶ್ವರನಗರದ ಅವರ ವಾಕಿಂಗ್ ಗೆಳೆಯರ ಗುಂಪಿಗೆ ಬಂತು. ವಾಸಿಯಾದ ಮೇಲೂ ಅವರು ಎಷ್ಟೋ ತಿಂಗಳು ಆ ಪಾರ್ಕಿಗೆ ಹೋಗಲಿಲ್ಲ. ಫೋಟೋ ಬೇಡವೇ ಬೇಡ. ಬರಹ ಸಾಕು, ಅದೂ ಚಿಕ್ಕದಾಗಿ. ಹೀಗೆ ಬರೆಯಬಹುದು: “ನಮ್ಮ ತಂದೆಗೆ 68 ವರ್ಷ. ಇಂಥ ಆಸ್ಪತ್ರೆಯಲ್ಲಿದ್ದಾರೆ, ಇಂಥ ಶಸ್ತ್ರಚಿಕಿತ್ಸೆ ಆಗಬೇಕು. ಆಸ್ಪತ್ರೆ ಕೊಟ್ಟ ಅಂದಾಜು ₹9 ಲಕ್ಷ, ಪ್ರತಿ ಲಗತ್ತಿಸಿದೆ. ವಿಮೆಯಿಂದ 3, ನಮ್ಮ ಉಳಿತಾಯದಿಂದ 4 ಆಗಿದೆ. ಕೊರತೆ 2 ಲಕ್ಷ. ಅಷ್ಟು ಸೇರಿದ ಕೂಡಲೇ ತಿಳಿಸುತ್ತೇವೆ, ಆಮೇಲೆ ದಯವಿಟ್ಟು ಯಾರೂ ಕಳಿಸಬೇಡಿ.” ನಿಮ್ಮ ಪಾಲು ಎಷ್ಟು ಎಂದು ಮೊದಲು ಹೇಳಿ, ಆಮೇಲೆ ಉಳಿದವರ ಪಾಲು ಕೇಳಿ. ಕೊನೆಯ ವಾಕ್ಯವನ್ನು ಮಾತ್ರ ಬಿಡಬೇಡಿ.

ಇನ್ನು ಲೆಕ್ಕ ಕೊಡುವ ಮಾತು. ಉಡುಪಿ ಜಿಲ್ಲೆಯ ಕಟಪಾಡಿಯಲ್ಲಿ ರವಿ ಕಟಪಾಡಿ ಎಂಬವರಿದ್ದಾರೆ, ಕಟ್ಟಡ ಕೂಲಿ ಕೆಲಸದವರು. ಕೃಷ್ಣಾಷ್ಟಮಿ ಬಂದರೆ ಗಂಟೆಗಟ್ಟಲೆ ಬಣ್ಣ, ಮುಖವಾಡ ಹಾಕಿಸಿಕೊಂಡು ವೇಷದಲ್ಲಿ ಬೀದಿಗಿಳಿಯುತ್ತಾರೆ. ಬಂದ ಹಣವೆಲ್ಲ ಕಾಯಿಲೆ ಬಿದ್ದ ಬಡ ಮಕ್ಕಳಿಗೆ. ವರ್ಷಗಳಲ್ಲಿ ಅದು ಕೋಟಿ ರೂಪಾಯಿ ದಾಟಿತು. ಜನ ಅವರ ಡಬ್ಬಿಗೆ ಕಣ್ಣು ಮುಚ್ಚಿ ಹಾಕುವುದು ವೇಷ ಚೆನ್ನಾಗಿದೆ ಎಂದಷ್ಟೇ ಅಲ್ಲ, ಆ ದುಡ್ಡು ಯಾವ ಮಗುವಿಗೆ ಹೋಯಿತು ಎಂಬುದು ಎಲ್ಲರೆದುರಿಗೇ ಆಗುತ್ತದೆ ಎಂದು. ಕೂಲಿ ಮಾಡುವವರೊಬ್ಬರು ಇಷ್ಟು ಶುದ್ಧವಾಗಿ ನಡೆಸುವಾಗ, ದಿನವೆಲ್ಲ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ನಮಗೆ ಒಂದು ಹಾಳೆ ಇಡುವುದು ಕಷ್ಟವಾಗಬಾರದು.

ಹಣ ಹೋಗುವ ದಾರಿ ಒಂದೇ ಇರಲಿ, ಅದು ಆದಷ್ಟೂ ನೇರ ಆಸ್ಪತ್ರೆಯ ಖಾತೆಗೆ ಹೋಗಲಿ, ರೋಗಿಯ ಐಪಿ (ಒಳರೋಗಿ) ನಂಬರ್ ಬರೆದು. ಆಸ್ಪತ್ರೆಗೆ ಯುಪಿಐ ಮೂಲಕ ಒಂದೇ ಸಲ ₹5 ಲಕ್ಷದವರೆಗೆ ಕಟ್ಟಬಹುದು. ನಗದಾಗಿ ₹2 ಲಕ್ಷ ಅಥವಾ ಅದಕ್ಕಿಂತ ಹೆಚ್ಚನ್ನು ಅವರು ತೆಗೆದುಕೊಳ್ಳುವಂತಿಲ್ಲ, ಆದ್ದರಿಂದ ಮೈದುನನ ಕೈಯಲ್ಲಿ ಬ್ಯಾಗು ಕೊಟ್ಟು ಕಳಿಸಬೇಡಿ. ಇಲ್ಲಿಂದ ಕಳಿಸುವಾಗ ನಗದು, ಮನಿ ಆರ್ಡರ್ ಕೊಟ್ಟು ಕಳಿಸಿದರೆ 2026ರ ಆರಂಭದಿಂದ ಶೇ 1 ತೆರಿಗೆ ಬೀಳುತ್ತದೆ. ಬ್ಯಾಂಕ್ ಖಾತೆಯಿಂದ ಕಳಿಸಿದರೆ ಇಲ್ಲ.

ತೆರಿಗೆಯ ವಿಷಯ ತಿಳಿದಿರಲಿ. ಮಕ್ಕಳು ಕಳಿಸಿದ ಹಣಕ್ಕೆ ಅಪ್ಪ ಭಾರತದಲ್ಲಿ ತೆರಿಗೆ ಕಟ್ಟಬೇಕಿಲ್ಲ. ಸಂಬಂಧಿಕರಲ್ಲದವರು ಅವರ ಖಾತೆಗೆ ಹಾಕಿದ ಹಣ ವರ್ಷಕ್ಕೆ ಒಟ್ಟು ₹50,000 ಮೀರಿದರೆ ಅದು ಆದಾಯ ಎಂದೇ ಲೆಕ್ಕ. ಆದ್ದರಿಂದ ಶುರುವಿನಲ್ಲೇ ಆಡಿಟರ್ ಒಬ್ಬರನ್ನು ಕೇಳಿ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ದುಡಿಮೆಯಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ವಂತಿಗೆ ಅಲ್ಲ. ಈ ದೇಶದ ಪೌರತ್ವ ಪಡೆದ ಹಿರಿಯ ಸದಸ್ಯರು ಕೊಟ್ಟದ್ದು, ಒಸಿಐ ಕಾರ್ಡ್ ಇದ್ದರೂ, ಕಾನೂನಿನ ಪ್ರಕಾರ ವಿದೇಶಿ ವಂತಿಗೆ. ಅವರು ಅದಕ್ಕೆ ಅನುಮತಿ ಇರುವ ಸಂಸ್ಥೆಯ ಮೂಲಕವೇ ಕೊಡಲಿ. 2010ರಲ್ಲಿ ಶುರುವಾದ ಬೆಂಗಳೂರಿನ ಮಿಲಾಪ್‌ನಂಥ ವೇದಿಕೆಗಳಲ್ಲೂ ಮನವಿ ಹಾಕಬಹುದು. ಅವರು ಮುರಿದುಕೊಳ್ಳುವ ಶುಲ್ಕ ಎಷ್ಟು, ಹಣ ಆಸ್ಪತ್ರೆಗೆ ಹೋಗುತ್ತದೆಯೋ ನಿಮಗೆ ಬರುತ್ತದೆಯೋ ಓದಿ ನೋಡಿ. ಒಬ್ಬ ರೋಗಿಯ ಹೆಸರಿಗೆ ಕೊಟ್ಟದ್ದಕ್ಕೆ ಇಲ್ಲಿ ತೆರಿಗೆ ವಿನಾಯಿತಿ ಇಲ್ಲ ಎಂಬುದನ್ನೂ ಕೊಡುವವರಿಗೆ ಹೇಳಿಬಿಡಿ.

ಕೊಡುವ ಜಾಗದಲ್ಲಿ ನೀವಿದ್ದರೆ, ಯಾವುದೋ ಗುಂಪಿನಿಂದ ಬಂದ ಮನವಿಗೆ ಕರಗಿ ತಕ್ಷಣ ಕಳಿಸಬೇಡಿ. ಆಸ್ಪತ್ರೆಯ ಬಿಲ್ಲಿಂಗ್ ವಿಭಾಗಕ್ಕೆ ಫೋನ್ ಮಾಡಿ ಆ ಹೆಸರಿನ ರೋಗಿ ಇದ್ದಾರೆಯೇ ಎಂದು ವಿಚಾರಿಸಿ. ದುಡ್ಡಿಗಿಂತ ದೊಡ್ಡ ಸಹಾಯವೂ ಇದೆ. ನಮಗೆ ಆಗ ಅತಿ ಹೆಚ್ಚು ಬೇಕಾಗಿದ್ದದ್ದು ರಾತ್ರಿ ಆಸ್ಪತ್ರೆಯಲ್ಲಿ ಮಲಗಲು ಒಬ್ಬರು. ಅತ್ತೆ ಹನ್ನೆರಡು ರಾತ್ರಿ ಕುರ್ಚಿಯಲ್ಲೇ ಕಳೆದರು. ಈಗ ವಿಜಯನಗರದಿಂದ ಕೆಂಗೇರಿಗೆ ಮೆಟ್ರೊ ಇದೆ. ಅಲ್ಲಿರುವ ನಿಮ್ಮ ತಮ್ಮನೋ ಭಾವನೋ ಕೂಟದ ಇನ್ನೊಂದು ಮನೆಯ ತಂದೆಗಾಗಿ ಒಂದು ರಾತ್ರಿ ಹೋಗಿ ಮಲಗಿದರೆ, ಒಂದು ಡಬ್ಬಿ ಗಂಜಿ ತೆಗೆದುಕೊಂಡು ಹೋದರೆ, ಅದನ್ನು ಯಾವ ಖಾತೆಯಲ್ಲೂ ಬರೆಯಲಾಗದು.

ಮಾವನವರು ಎಫ್‌ಡಿ ಮುರಿಸಿದರು. ‘ಅವರ ದುಡ್ಡು ಅವರಿಗೆ ಮುಟ್ಟಿಸಿ’ ಅಂದರು. ಇಪ್ಪತ್ತಾರು ಮನೆಗೆ ಹೋಗಿ ವಾಪಸು ಕೊಟ್ಟೆವು. ಮೂರು ಮನೆಯವರು ತೆಗೆದುಕೊಳ್ಳಲಿಲ್ಲ, ಆ ಹಣವನ್ನು ಅವರ ಒಪ್ಪಿಗೆಯಿಂದಲೇ ಇನ್ನೊಬ್ಬ ರೋಗಿಯ ಬಿಲ್ಲಿಗೆ ಕಟ್ಟಿದೆವು. ಇನ್ನೊಂದು ಮನೆ ಉಳಿಯಿತು. ನಾವು ಮೂರು ಖಾತೆ ಕೊಟ್ಟಿದ್ದೆವು, ಹೆಸರಿನ ಪಟ್ಟಿ ಇಟ್ಟಿರಲಿಲ್ಲ. ಐನೂರು ಡಾಲರ್ ಯಾರು ಹಾಕಿದರೆಂದು ಈ ಹನ್ನೊಂದು ವರ್ಷದಲ್ಲಿ ಕೇಳದ ಮನೆಯಿಲ್ಲ. ಅದು ಇನ್ನೂ ನಮ್ಮ ಬಳಿ ಹಾಗೇ ಇದೆ. ಇದನ್ನು ಓದುತ್ತಿರುವ ಹಳಬರೇ, ಅದು ನಿಮ್ಮದಾಗಿದ್ದರೆ ಸಂಕೋಚಪಡದೆ ಒಂದು ಮಾತು ಹೇಳಿ. ಮಾವನವರು ಈಗಲೂ ಫೋನ್ ಮಾಡಿದಾಗಲೆಲ್ಲ ಕೇಳುತ್ತಾರೆ.