ಗಾಡಿಯ ದಾರಿ ಕಾಯುವ ಗಣಿತ



ಕಲನಶಾಸ್ತ್ರವನ್ನು ಬಲ್ಲವನಿಗೆ ಸಂಭವನೀಯತೆಯ ಗಣಿತವು ಸುಲಭವೆಂದು ನಾನು ಬಹುಕಾಲ ನಂಬಿದ್ದೆನು. ಅನುಕಲನ ಬಂದರೆ ಸಾಕು, ಉಳಿದುದೆಲ್ಲ ಸೂತ್ರವೆಂದು ತಿಳಿದಿದ್ದೆನು. ಆ ಭ್ರಮೆಯನ್ನು ಕಳೆದುದು ನಮ್ಮ ಬದಲಾಪುರದ ರೈಲು ನಿಲ್ದಾಣ.

ಗಾಡಿಯು ಸರಿಯಾಗಿ 20 ನಿಮಿಷಗಳಿಗೊಮ್ಮೆ ಬರುವುದೆಂದು ಭಾವಿಸಿರಿ. ವೇಳಾಪಟ್ಟಿಯನ್ನು ನೋಡದೆ ಯಾವುದೋ ಒಂದು ಕ್ಷಣದಲ್ಲಿ ನೀವು ನಿಲ್ದಾಣಕ್ಕೆ ಬರುತ್ತೀರಿ. ಸೊನ್ನೆಯಿಂದ 20ರವರೆಗೆ ಒಂದು ಗೆರೆಯನ್ನೆಳೆದು, ಅದರ ಮೇಲೆ 1/20 ಎತ್ತರದ ಆಯತವನ್ನು ರಚಿಸಿರಿ. ಅದರ ವಿಸ್ತೀರ್ಣ 1. ಎಂದರೆ ಗಾಡಿಯು ಅಷ್ಟರೊಳಗೆ ಬಂದೇ ಬರುವುದು. 5 ನಿಮಿಷದೊಳಗೆ ಬರುವ ಸಂಭವವು ಮೊದಲ 5 ನಿಮಿಷಗಳ ಮೇಲಣ ವಿಸ್ತೀರ್ಣ, ಅಂದರೆ 1/4. ಕೂದಲೆಳೆಯಷ್ಟೂ ಹೆಚ್ಚುಕಡಮೆಯಿಲ್ಲದೆ 5ನೆಯ ನಿಮಿಷಕ್ಕೇ ಬರುವ ಸಂಭವವಾದರೋ ಸೊನ್ನೆ, ಗೆರೆಗೆ ಅಗಲವಿಲ್ಲವಷ್ಟೆ. ‘ಕ್ಷ/20’ ಎಂಬುದನ್ನು ಸೊನ್ನೆಯಿಂದ 20ರವರೆಗೆ ಅನುಕಲಿಸಿದರೆ, ಕಾಯಬೇಕಾದ ಸರಾಸರಿ ಕಾಲ 10 ನಿಮಿಷವೆಂದು ದೊರೆಯುತ್ತದೆ. ಇಲ್ಲಿಯವರೆಗೆ ಕಲನಶಾಸ್ತ್ರವೇ ನಮ್ಮನ್ನು ಕೈಹಿಡಿದು ನಡೆಸುತ್ತದೆ.

ಇನ್ನು, ಗಾಡಿಗಳು ಒಮ್ಮೆ 10 ನಿಮಿಷಕ್ಕೆ, ಮತ್ತೊಮ್ಮೆ 30 ನಿಮಿಷಕ್ಕೆ, ಹೀಗೆ ಸರದಿಯಂತೆ ಬರಲಿ. ಅಂತರದ ಸರಾಸರಿ ಈಗಲೂ 20. ಆದುದರಿಂದ ಕಾಯುವ ಕಾಲವೂ 10 ನಿಮಿಷವೇ ಎಂದು ಬರೆದು ನಾನು ತಪ್ಪಿದೆನು. ಅಂತರಗಳು ಎರಡು ಬಗೆಯವಾದ ಮಾತ್ರಕ್ಕೆ ಎರಡಕ್ಕೂ ಸಮ ಸಂಭವವೆಂದು ಎಣಿಸಿದುದೇ ಆ ತಪ್ಪಿನ ಮೂಲ. ಪ್ರತಿ 40 ನಿಮಿಷಗಳಲ್ಲಿ 30 ನಿಮಿಷ ದೀರ್ಘ ಅಂತರಕ್ಕೆ ಸೇರಿದೆ. ಆದ ಕಾರಣ ನೀವು ಅದರಲ್ಲಿ ಸಿಲುಕುವ ಸಂಭವ 3/4. ಅಲ್ಲಿ ಸರಾಸರಿ 15 ನಿಮಿಷ ಕಾಯಬೇಕು; ಕಿರಿಯ ಅಂತರದಲ್ಲಿ 5 ನಿಮಿಷ. 15ರ ಮುಕ್ಕಾಲು ಪಾಲಿಗೆ 5ರ ಕಾಲು ಪಾಲನ್ನು ಕೂಡಿಸಿರಿ: ಹನ್ನೆರಡೂವರೆ ನಿಮಿಷ!

“ನಾನು ಹೋದಾಗಲೇ ಗಾಡಿ ತಡ” ಎಂದು ಹಿರಿಯರು ಹಣೆಬರಹವನ್ನು ಹಳಿಯುವುದನ್ನು ನೀವು ಕೇಳಿರಬಹುದು. ಅದು ಬರಿಯ ಗೊಣಗಾಟವಲ್ಲ. ಗಾಡಿಗಳ ಸಂಖ್ಯೆಯಷ್ಟೇ ಅಲ್ಲ, ಅವು ಸಮ ಅಂತರದಲ್ಲಿ ಬರುವುದೂ ಪ್ರಯಾಣಿಕನಿಗೆ ಮುಖ್ಯ.

ಅನುಕಲನವು ವಿಸ್ತೀರ್ಣವನ್ನು ಅಳೆಯುತ್ತದೆ. ಯಾವುದನ್ನು ಅಳೆಯಬೇಕೆಂಬುದನ್ನು ಹೇಳುವುದಿಲ್ಲ. ಅದನ್ನು ಕಲಿಸುವುದು ಎಣಿಕೆಯ ಅಭ್ಯಾಸ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಹಲವು ವಸ್ತುಗಳಿಂದ ಕೆಲವನ್ನು ಆಯುವ ಬಗೆಗಳೆಷ್ಟೆಂದು ಎಣಿಸುವ ಸೂತ್ರವನ್ನು ಕೊಟ್ಟನು. ನೀವೂ ಮೊದಲು ನಾಣ್ಯ, ದಾಳಗಳನ್ನೆಸೆದು ಎಣಿಸಿರಿ. ಅನಂತರ ಅನುಕಲನಕ್ಕೆ ಕೈಹಾಕಿರಿ.

ಒಂದು ಲೆಕ್ಕ ನಿಮಗಾಗಿ: ಅಂತರಗಳು ಸರದಿಯಂತೆ 5 ಮತ್ತು 35 ನಿಮಿಷಗಳಾದರೆ ಸರಾಸರಿ ಎಷ್ಟು ಹೊತ್ತು ಕಾಯಬೇಕು? ಉತ್ತರವು 15 ನಿಮಿಷವನ್ನು ಮೀರದಿದ್ದರೆ ಮತ್ತೊಮ್ಮೆ ಎಣಿಸಿರಿ.